ಓಬಳಮ್ಮನ ಬೊಲಿವಿಯಾ

ಮುದ್ದೇನಹಳ್ಳಿ ಹಾಸ್ಟೆಲ್
ಭಾನುವಾರ, 6 ಜುಲೈ 2025

ಅಮ್ಮನಿಗೆ,

ಭಾನುವಾರ ಫೋನಿಗೆ ಮೂರು ನಿಮಿಷ ಕೊಡುತ್ತಾರೆ. ಅದರಲ್ಲಿ ಎರಡು ನಿಮಿಷ ನೀನು ನಗುತ್ತೀಯ, ಒಂದು ನಿಮಿಷ ಏನು ಸಾರು ಎಂದು ಕೇಳುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ತಿಂಗಳಲ್ಲಿ ಚಿಕ್ಕಬಳ್ಳಾಪುರದಲ್ಲಿ ಮಾಡೆಲ್ ಯುಎನ್ ಇದೆ. ವಿಶ್ವಸಂಸ್ಥೆಯಲ್ಲಿ ದೇಶಗಳು ಕೂತು ಮಾತಾಡುತ್ತವಲ್ಲ, ಹಾಗೆ ಕಾಲೇಜು ಮಕ್ಕಳೇ ಒಂದೊಂದು ದೇಶವಾಗಿ ಕೂತು ವಾದ ಮಾಡಿ ಕೊನೆಗೆ ಓಟು ಹಾಕುತ್ತಾರೆ. ನನಗೆ ಬಂದಿರುವುದು ಬೊಲಿವಿಯಾ. ಅದಕ್ಕೆ ಸಮುದ್ರವೇ ಇಲ್ಲ. ನೂರ ನಲವತ್ತು ವರ್ಷದ ಹಿಂದೆ ಪಕ್ಕದ ಚಿಲಿ ಜೊತೆ ಯುದ್ಧವಾಗಿ ಸಮುದ್ರದ ಕಡೆಯ ಜಾಗ ಚಿಲಿಗೆ ಹೋಯಿತು. ಇವತ್ತಿಗೂ ಬೊಲಿವಿಯಾದ ಸಾಮಾನು ಹಡಗು ಹತ್ತಬೇಕಾದರೆ ಬೇರೆಯವರ ನೆಲ ದಾಟಬೇಕು. ಸಮುದ್ರ ಇಲ್ಲದಿದ್ದರೂ ಅವರಿಗೆ ನೌಕಾಪಡೆ ಇದೆ, ಸರೋವರದಲ್ಲಿ ಓಡಾಡಿಕೊಂಡಿರುತ್ತದೆ. ಇದನ್ನು ಓದಿ ನೀನು ನಗುತ್ತೀಯ ಎಂದು ಗೊತ್ತು.

ಹೋಗುವ ಮೊದಲು ಪೊಸಿಷನ್ ಪೇಪರ್ ಬರೆಯಬೇಕು. ನಮ್ಮ ದೇಶದ ನಿಲುವು ಏನು, ನಮಗೆ ಏನು ಬೇಕು ಎಂದು ಒಂದು ಹಾಳೆಯಲ್ಲಿ. ಪೇಪರ್ ಚೆನ್ನಾಗಿದ್ದರೆ ಮಾತ್ರ ಸೀಟು. ನಾನು ಬರೆದದ್ದನ್ನು ನೋಡಿ ವಿಶಾಲಾಕ್ಷಿ ಮೇಡಂ, "ಇದು ಅಳು ಕಣಮ್ಮ, ಪೇಪರ್ ಅಲ್ಲ" ಅಂದರು. ಹದಿನೈದನೇ ತಾರೀಖಿನೊಳಗೆ ಇನ್ನೊಂದು ಬರೆದುಕೊಡಬೇಕು. ಊರಿನ ಜಗಳಕ್ಕೆಲ್ಲ ನಿನ್ನನ್ನೇ ಕರೆಯುತ್ತಾರಲ್ಲ, ನಾಲ್ಕು ಗಟ್ಟಿ ಮಾತು ಬರೆದು ಕಳಿಸು.

ಸಮುದ್ರವಿಲ್ಲದ ನಿನ್ನ ಮಗಳು,
ಶಿರೀಷಾ


ನಲ್ಲಗುಟ್ಟಹಳ್ಳಿ, ಶಿಡ್ಲಘಟ್ಟ ತಾಲ್ಲೂಕು
ಶುಕ್ರವಾರ, 11 ಜುಲೈ

ಮಗಳು ಶಿರೀಷಾಗೆ ಅಮ್ಮಾಜಮ್ಮ ಬರೆಯುವುದು,

ರೇಷ್ಮೆ ಹುಳ ಎರಡನೇ ಜ್ವರಕ್ಕೆ ಕೂತಿವೆ, ಪೊರೆ ಬಿಟ್ಟು ಏಳುವ ತನಕ ತಿನ್ನಲ್ಲ. ಸೊಪ್ಪು ಹಾಕುವ ಕೆಲಸ ಇಲ್ಲ. ಹುಳಕ್ಕೆ ಜ್ವರ ಬಂದರೆ ನನಗೆ ರಜ. ನಿಮ್ಮಪ್ಪ ಚೆನ್ನಾಗಿದ್ದಾರೆ. ಹೋದ ವಾರ ಒಂದು ಮಾತು ಆಡಿದರು. ಏನು ಅಂತ ಮರೆತೆ.

ನಿನ್ನ ದೇಶದ ಜಗಳ ಓದಿದೆ. ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಹೇಳು. ಇದು ದಾರಿ ಜಗಳ. ದಾರಿ ಜಗಳದಲ್ಲಿ ನಾನು ಪಂಡಿತೆ, ಮೂರು ವರ್ಷದ ಅನುಭವ ಇದೆ. ಬರೆದುಕೋ.

ಮೊದಲನೇ ಮಾತು. ಇವತ್ತು ಕಾಲಿಗೆ ದಾರಿ ಕೇಳುತ್ತಾರೆ, ನಾಳೆ ಸೈಕಲ್ಲಿಗೆ, ನಾಡಿದ್ದು ಟ್ರ್ಯಾಕ್ಟರಿಗೆ. ಎರಡನೇ ಮಾತು. ದಾರಿ ಮೇಲೆ ಏನು ಹೊತ್ತುಕೊಂಡು ಹೋಗುತ್ತಾರೆ ಅಂತ ಯಾರು ನೋಡಿದರು? ವಿಷ ಚೆಲ್ಲಿಕೊಂಡು ಹೋದರೆ ಅನುಭವಿಸುವವರು ನಾವು. ಮೂರು, ತಾತನ ಕಾಲದಲ್ಲಿ ಓಡಾಡುತ್ತಿದ್ದರು ಅನ್ನುವುದು ಲೆಕ್ಕಕ್ಕೆ ಬರಲ್ಲ. ತಾತ ದಯೆಯಿಂದ ಬಿಟ್ಟಿದ್ದು, ದಯೆ ಪಹಣಿಯಲ್ಲಿ ಇರಲ್ಲ. ಇನ್ನೊಂದು ಇದೆ, ಅದೇ ಬಲವಾದದ್ದು. ಅವರಿಗೆ ದಾರಿಯೇ ಇಲ್ಲ ಅಂತ ಏನಿಲ್ಲ. ಸುತ್ತಿಕೊಂಡು ಹೋಗಲಿ. ದೇವರು ಕಾಲು ಕೊಟ್ಟಿರುವುದು ಯಾತಕ್ಕೆ?

ಇಷ್ಟನ್ನು ಇಂಗ್ಲಿಷಿನಲ್ಲಿ ಹಾಕು. ಎದುರಿಗೆ ಕೂತವರು ಬಾಯಿ ಬಿಟ್ಟರೆ ನನ್ನ ಹೆಸರು ಬದಲಾಯಿಸು.

ಎದುರಾಳಿಗಳಿಗೆ ಸಿಂಹ, ನಿನಗೆ ಅಮ್ಮ,
ಅಮ್ಮಾಜಮ್ಮ


ಮುದ್ದೇನಹಳ್ಳಿ
ಭಾನುವಾರ, 20 ಜುಲೈ

ಅಮ್ಮ,

ನಿನಗೆ ಈಗ ಯಾವ ಹೆಸರು ಇಡಲಿ?

ನಿನ್ನ ಕಾಗದ ಕೈಗೆ ಬಂದದ್ದು ಹದಿನಾಲ್ಕರ ಸಾಯಂಕಾಲ. ಮಾರನೆಯ ಬೆಳಿಗ್ಗೆ ಪೇಪರ್ ಕೊಡಬೇಕಿತ್ತು. ನೀನು ಬರೆದದ್ದು ಎಷ್ಟು ಜೋರಾಗಿತ್ತು ಎಂದರೆ, ಯಾರ ಕಡೆಯ ಮಾತು ಎಂದು ನೋಡದೆ ಪೂರ್ತಿ ಇಂಗ್ಲಿಷಿಗೆ ಹಾಕಿ ಕೊಟ್ಟುಬಿಟ್ಟೆ. ಮೂರು ವರ್ಷದಿಂದ ಮನೆಯಲ್ಲಿ ಅದನ್ನೇ ಕೇಳಿಕೊಂಡು ಬೆಳೆದಿದ್ದೇನೆ, ಅನುಮಾನವೇ ಬರಲಿಲ್ಲ.

ಮೇಡಂ ಕ್ಲಾಸಿನಲ್ಲಿ ಓದಿ, ಕನ್ನಡಕ ತೆಗೆದು, ಇಂಥ ಒಳ್ಳೆಯ ಪೇಪರ್ ಈ ವರ್ಷ ಇನ್ನೊಂದು ಬಂದಿಲ್ಲ ಎಂದರು. ನನಗೆ ಕೊಂಬು ಬಂತು. ಆಮೇಲೆ, "ಆದ್ರೆ ಇದು ಚಿಲಿ ಪೇಪರ್ರು. ಬೊಲಿವಿಯಾನೇ ಎದ್ದು ನಿಂತು ನಮಗೆ ದಾರಿ ಕೊಡ್ಬೇಡಿ ಅಂದಂಗಿದೆ" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಚಿಲಿ ಆಗಿರುವ ಅಚ್ಯುತ್ ಬಂದು ಒಂದು ಜೆರಾಕ್ಸ್ ಕೇಳಿದ. ಸಿಟ್ಟಿನಲ್ಲಿ ಹಾಳೆಯನ್ನೇ ಅವನ ಮೇಲೆ ಎಸೆದೆ.

ದಾರಿ ಇಲ್ಲದವಳು ನಾನು, ಅಮ್ಮ. ದಾರಿ ಇರುವವಳು ನೀನು.

ಆಗಸ್ಟ್ ಹನ್ನೊಂದರವರೆಗೆ ಕೊನೆಯ ಅವಕಾಶ. ಆಗಲಿಲ್ಲವೆಂದರೆ ಬೊಲಿವಿಯಾ ಸೆಕೆಂಡ್ ಇಯರ್ ಮಹತಿಗೆ ಹೋಗುತ್ತದೆ. ನನಗೆ ಸಭೆಯಲ್ಲಿ ಚೀಟಿ ಹಂಚುವ ಕೆಲಸ. ದೇಶಗಳು ಒಬ್ಬರಿಗೊಬ್ಬರು ಚೀಟಿ ಬರೆದುಕೊಳ್ಳುತ್ತವೆ, ಅದನ್ನು ಮೇಜಿನಿಂದ ಮೇಜಿಗೆ ಒಯ್ಯಬೇಕು. ದಿನವಿಡೀ ಬಾಯಿ ಬಿಡುವ ಹಾಗಿಲ್ಲ. ನಿನ್ನ ಮಗಳಿಗೆ ಆಗುವ ಕೆಲಸವಾ ಅದು?

ಮೇಡಂ ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ. ಏನಾಯಿತು? ನೀವು ಇಲ್ಲಿಯವರೆಗೆ ಏನು ಪ್ರಯತ್ನ ಮಾಡಿದಿರಿ? ಈಗ ಏನು ಕೇಳುತ್ತೀರಿ? ಬದಲಿಗೆ ಏನು ಕೊಡುತ್ತೀರಿ? ಅಳಬಾರದು, ಬೈಯಬಾರದು. ಪುಸ್ತಕದಿಂದ ಇಸವಿಗಳು ಸಿಕ್ಕಿವೆ. ಆದರೆ ದಾರಿ ಇಲ್ಲದವರ ಮಾತು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರುವವರು ನಮ್ಮೂರಿನಲ್ಲಿ ಒಬ್ಬರಿದ್ದಾರೆ. ನಮ್ಮ ಬೇಲಿ ಆಚೆಯ ತೋಟದ ಓಬಳಮ್ಮ ಅತ್ತೆಯನ್ನು ಈ ನಾಲ್ಕು ಪ್ರಶ್ನೆ ಕೇಳಿ ಬರೆದು ಕಳಿಸುತ್ತೀಯಾ?

ಇಂತಿ,
ಚಿಲಿಯ ಮಗಳು


ನಲ್ಲಗುಟ್ಟಹಳ್ಳಿ
ಗುರುವಾರ, 24 ಜುಲೈ

ಶಿರೀಷಾ,

ನಿನ್ನ ಕಾಗದ ಓದಿ ನಕ್ಕಿದ್ದಕ್ಕೆ ಹುಳದ ಮನೆಯ ತಟ್ಟೆ ಅಲ್ಲಾಡಿತು. ಬೊಲಿವಿಯಾ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿತಾ? ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಮೀಸೆ ಒಳಗೆ ನಕ್ಕರು ಅಂತ ಕಾಣುತ್ತೆ, ಖಾತ್ರಿ ಇಲ್ಲ.

ಆದರೆ ಓಬಳಮ್ಮನ ಹತ್ತಿರ ಹೋಗುವುದು ಮಾತ್ರ ಆಗದ ಕೆಲಸ. ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷ ಆಯಿತು ಅನ್ನುವುದು ನಿನಗೆ ಗೊತ್ತು. ಹಾಗಂತ ಮಾತೇ ಇಲ್ಲ ಅಂತಲ್ಲ. ಅವಳು ಬೇಲಿ ಆ ಕಡೆ ನಿಂತು ತನ್ನ ಕರುವಿಗೆ, ದಾರಿ ಮುಚ್ಚಿದವರ ಹುಲ್ಲು ತಿಂದರೆ ಹೊಟ್ಟೆ ಉಬ್ಬರಿಸುತ್ತೆ ಅಂತಾಳೆ. ನಾನು ಈ ಕಡೆ ನಿಂತು ನಮ್ಮ ಕೋಳಿಗೆ, ವಿಷ ಚೆಲ್ಲಿದವರ ಕಾಳು ಆಯಬೇಡ ಅಂತೀನಿ. ಕರು, ಕೋಳಿ ಎರಡೂ ಬುದ್ಧಿವಂತ ಆಗಿವೆ. ನಾವು ಇದ್ದ ಹಾಗೇ ಇದ್ದೀವಿ.

ನೀನು ಆಗ ಎಂಟನೇ ಕ್ಲಾಸು. ಹುಳ ನಾಲ್ಕನೇ ಜ್ವರ ಎದ್ದು ಆರು ದಿನ ಆಗಿತ್ತು, ಇನ್ನು ಒಂದೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಅವಳು ಟೊಮೇಟೊಗೆ ಔಷಧಿ ಹೊಡೆಯುವ ಪಂಪು ಬೆನ್ನಿಗೆ ಹಾಕಿಕೊಂಡು ನಮ್ಮ ಬದುವಿನ ಮೇಲೆ ಹೋದಳು. ಪಂಪು ಸೋರುತ್ತಿತ್ತು. ಆ ಸಾಲಿನ ಸೊಪ್ಪು ನಾನೇ ಕೊಯ್ದು ನನ್ನ ಕೈಯಾರೆ ಹಾಕಿದೆ. ಸಾಯಂಕಾಲದ ಹೊತ್ತಿಗೆ ಇನ್ನೂರು ಮೊಟ್ಟೆಯ ಅಷ್ಟು ಸಾವಿರ ಹುಳವೂ ಹಸಿರು ಕಕ್ಕಿಕೊಂಡು ನುಲಿಯುತ್ತಿದ್ದವು. ಹುಳ ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದು ಬರುತ್ತಲ್ಲ, ಅವತ್ತು ಮನೆ ಸುಮ್ಮನಾಗಿತ್ತು. ಅವಳು ರಸ್ತೆಗೆ ಓಡಾಡುತ್ತಿದ್ದ ಆ ಬದುವಿಗೆ ಮಾರನೇ ದಿನ ಅಡ್ಡ ಬೇಲಿ ಹಾಕಿದೆ.

ಅದಕ್ಕೇ ಹೇಳುವುದು, ಬೇರೆ ಯಾರನ್ನಾದರೂ ಕೇಳು. ಚೀಟಿ ಹಂಚುವುದೂ ಮರ್ಯಾದೆ ಕೆಲಸವೇ. ಪೋಸ್ಟ್‌ಮ್ಯಾನ್ ಇಲ್ಲದಿದ್ದರೆ ಈ ಕಾಗದ ನಿನಗೆ ತಲುಪುತ್ತಿತ್ತಾ?

ಕೋಳಿಗಳ ಜೊತೆ ಮಾತಾಡಿಕೊಂಡಿರುವ,
ಅಮ್ಮ


ಮುದ್ದೇನಹಳ್ಳಿ
ಸೋಮವಾರ, 28 ಜುಲೈ

ಅಮ್ಮ,

ಚೀಟಿ ಹಂಚುವವರಿಗೆ ನೀಲಿ ಟೋಪಿ ಕೊಡುತ್ತಾರಂತೆ. ಇವತ್ತು ನನ್ನ ತಲೆಯ ಅಳತೆ ತೆಗೆದುಕೊಂಡರು.

ಶಿರೀಷಾ


ನಲ್ಲಗುಟ್ಟಹಳ್ಳಿ
ಮಂಗಳವಾರ, 5 ಆಗಸ್ಟ್

ಶಿರೀಷಾಗೆ,

ನಿನ್ನ ತಲೆಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ. ಹೋಗಿ ಬಂದೆ.

ನಿನ್ನ ಹಳೇ ನೋಟುಬುಕ್ಕು, ಪೆನ್ನು ಹಿಡಿದುಕೊಂಡು ಬೆಳಿಗ್ಗೆಯೇ ಹೊರಟೆ. ಓಬಳಮ್ಮನ ತೋಟದ ಮನೆ ನಮ್ಮ ಹಿತ್ತಲಿಂದ ಕೂಗಿದರೆ ಕೇಳಿಸುತ್ತೆ. ಬೇಲಿ ಹತ್ತಿರ ಹೋಗಿ ನೋಡುತ್ತೀನಿ, ನುಗ್ಗುವುದಕ್ಕೆ ಒಂದು ಸಂದು ಇಲ್ಲ. ಕಲ್ಲುಕಂಬ, ಮುಳ್ಳುತಂತಿ, ಅದರ ಮೇಲೆ ಜಾಲಿ ಬೇರೆ. ನಾನು ಮಾಡಿದ ಕೆಲಸ ಅಂದರೆ ಹಾಗೆ ಇರುತ್ತೆ, ಮಾಡಿದವಳಿಗೂ ದಾಟಲು ಬರಲ್ಲ. ಕೊನೆಗೆ ಕೆರೆ ಏರಿ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಮುಕ್ಕಾಲು ಗಂಟೆ. ಅರ್ಧ ದಾರಿಯಲ್ಲಿ ಚಪ್ಪಲಿ ಬಾರು ಕಿತ್ತುಹೋಯಿತು. ದೇವರು ಕಾಲು ಕೊಟ್ಟಿರುವುದು ಯಾತಕ್ಕೆ ಅಂತ ನಿನಗೆ ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕು.

ಓಬಳಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ನನ್ನ ನೋಡಿ ಮೊರ ಅಲ್ಲೇ ನಿಂತಿತು. ನಾನು ಮುಖ ಗಂಟು ಹಾಕಿಕೊಂಡು ಗಣತಿಗೆ ಬಂದಿದ್ದೀನಿ ಅಂದೆ.

"ಏನ್ ಗಣತಿನಮ್ಮ?"

"ದಾರಿ ಇಲ್ದೋರ ಗಣತಿ."

"ಹಂಗಾದ್ರೆ ಈ ಊರಾಗೆ ನಾನೊಬ್ಬಳೇ. ಬರ್ಕೊ, ಮುಗೀತು" ಅಂದು ಮತ್ತೆ ಕೇರತೊಡಗಿದಳು.

ನೀನು ಹೇಳಿದ್ದನ್ನೆಲ್ಲ ಹೇಳಿದೆ. ಬೊಲಿವಿಯಾ, ಸಮುದ್ರ, ನೀಲಿ ಟೋಪಿ. ಟೋಪಿ ಅಂದಾಗ ಅವಳಿಗೆ ಮನಸ್ಸು ಕರಗಿತು. ಆ ಮಗುನ ಜಡೆ ಮೇಲೆ ಟೋಪಿ ಹೆಂಗೆ ಕೂರುತ್ತೆ ಅಂದು ಚಾಪೆ ಹಾಕಿದಳು.

ಮೊದಲನೇ ಪ್ರಶ್ನೆಗೆ ಅವಳ ಉತ್ತರ. ಬೇಲಿ ಬಿದ್ದ ಮೇಲೆ ಟೊಮೇಟೊ ಕ್ರೇಟು ಒಂದೊಂದೇ ತಲೆ ಮೇಲೆ ಹೊತ್ತು ಏರಿ ದಾಟಿಸುತ್ತಾಳೆ. ರಸ್ತೆ ಸೇರುವ ಹೊತ್ತಿಗೆ ಚಿಂತಾಮಣಿಗೆ ಹೋಗುವ ಗಾಡಿ ಎಷ್ಟೋ ಸಲ ಹೊರಟಿರುತ್ತೆ. ಹೋದ ವರ್ಷ ಅವಳ ಮಗಳು ಬಾಣಂತನಕ್ಕೆ ಬಂದಿದ್ದಳಲ್ಲ, ನೋವು ಬಂದಾಗ ಬೇಲಿ ಅಡ್ಡ ಇದ್ದು ಆಟೋ ಮನೆತನಕ ಬರಲಿಲ್ಲ. ಏರಿ ಮೇಲೆ ನಡೆಸಿಕೊಂಡು ಹೋದರಂತೆ, ನಡುನಡುವೆ ಕೂರಿಸಿಕೊಂಡು. ಇದು ನನಗೆ ಗೊತ್ತಿರಲಿಲ್ಲ ಕಣಮ್ಮ. ಅವಳು ಅಳದೆ ಹೇಳಿದಳು, ನಿಮ್ಮ ಮೇಡಂ ಹೇಳಿಕೊಟ್ಟ ಹಾಗೆ.

ಏನು ಪ್ರಯತ್ನ ಮಾಡಿದೆ ಅಂದೆ. ತಾಲ್ಲೂಕು ಆಫೀಸಿಗೆ ಹೋಗಿದ್ದಳಂತೆ. ನಕ್ಷೆಯಲ್ಲಿ ದಾರಿ ಇಲ್ಲ, ನೀವು ನೀವೇ ಮಾತಾಡಿಕೊಳ್ಳಿ ಅಂದು ಕಳಿಸಿದರಂತೆ.

ಏನು ಕೇಳುತ್ತೀಯ ಅಂದೆ. ಬೇಲಿ ತೆಗಿ ಅಂತಾಳೆ ಅಂತ ಪೆನ್ನು ಹಿಡಿದು ಕೂತಿದ್ದೆ. ಅವಳು ಮೊರ ಕೆಳಗಿಟ್ಟಳು.

"ನಿನ್ ಹುಳ ಸತ್ತ ದಿನ ನಾನು ನಿಮ್ಮನೆ ಬಾಗ್ಲಿಗೆ ಬಂದಿದ್ದೆ ಅಮ್ಮಾಜಿ. ನೀನು ತೆಗೀಲಿಲ್ಲ. ಅವತ್ತು ನಾನೇನೋ ಹೇಳಕ್ ಬಂದಿದ್ದೆ. ಅದನ್ನ ಒಂದ್ ಸಲ ಕೇಳಿಸ್ಕೊ, ಅಷ್ಟೇ ನಾನ್ ಕೇಳೋದು."

"ಸರಿ, ಹೇಳು" ಅಂದೆ.

"ಈಗ ಮರ್ತೋಗೈತೆ" ಅಂದಳು.

ನಗಬೇಕೋ ಬೇಡವೋ ಅಂತ ನನಗೆ ತಿಳಿಯದೆ ಹೋಗಿದ್ದು ಇದೇ ಮೊದಲು.

ಬದಲಿಗೆ ಏನು ಕೊಡುತ್ತಾಳೆ ಅನ್ನುವುದನ್ನು ಗಟ್ಟಿಯಾಗಿ ಹೇಳಿದ್ದಾಳೆ. ಪಂಪು ಯಾವತ್ತಿದ್ದರೂ ಏರಿ ಮೇಲೇ ಹೋಗುತ್ತೆ, ಬದುವಿನ ಮೇಲೆ ಅವಳು ಮತ್ತು ಕ್ರೇಟು ಮಾತ್ರ. ಔಷಧಿ ಹೊಡೆಯುವ ಹಿಂದಿನ ದಿನ ಹೇಳಿ ಕಳಿಸುತ್ತಾಳೆ. ನಮ್ಮ ಹುಳ ನಾಲ್ಕನೇ ಜ್ವರ ಎದ್ದು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುವ ತನಕ ಪಂಪು ಮುಟ್ಟಲ್ಲ.

ಅವಳ ಪ್ರತಿ ಮಾತಿಗೂ ನನ್ನ ಹತ್ತಿರ ಉತ್ತರ ಇತ್ತು. ಆದರೆ ನಾನು ಹೋಗಿದ್ದು ಗಣತಿಗೆ. ಗಣತಿಯವರು ಬರೆದುಕೊಳ್ಳಬೇಕೇ ಹೊರತು ಉತ್ತರ ಕೊಡುವ ಹಾಗಿಲ್ಲ. ನಾಲಿಗೆ ಕಚ್ಚಿಕೊಂಡು ಬಂದೆ, ಇನ್ನೂ ನೋಯುತ್ತಿದೆ.

ಇದನ್ನೆಲ್ಲ ನಿನ್ನ ಪೇಪರಿಗೆ ಹಾಕಿಕೋ. ನಮ್ಮ ಬೇಲಿ ವಿಷಯ ಮಾತ್ರ ಎತ್ತಬೇಡ. ಬೇಲಿ ಅಂದರೆ ಬೇಲಿ.

ಬರಿಗಾಲಲ್ಲಿ,
ಅಮ್ಮ


ಮುದ್ದೇನಹಳ್ಳಿ
ಭಾನುವಾರ, 17 ಆಗಸ್ಟ್

ಅಮ್ಮ,

ಸೀಟು ಸಿಕ್ಕಿತು. ಟೋಪಿ ಮಹತಿಗೆ ಹೋಯಿತು, ಪಾಪ, ಅವಳಿಗೆ ಚೆನ್ನಾಗಿ ಒಪ್ಪುತ್ತದೆ.

ಪೇಪರಿನ ಕನ್ನಡ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅತ್ತೆಯ ನಾಲ್ಕು ಉತ್ತರಗಳನ್ನು ಹಾಗೇ ಸಾಲಾಗಿ ಇಟ್ಟುಕೊಂಡು, ಒಂದೊಂದರ ಪಕ್ಕಕ್ಕೂ ಬೊಲಿವಿಯಾದ ಸಂಗತಿ ಹುಡುಕಿದೆ. ಎಲ್ಲದಕ್ಕೂ ಸಿಕ್ಕಿತು. ಅವರೂ ಕೋರ್ಟಿಗೆ ಹೋಗಿದ್ದರು, ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ. ಚಿಲಿ ಮಾತಿಗೆ ಕೂರಲೇಬೇಕು ಎಂಬ ಕಡ್ಡಾಯವೇನೂ ಇಲ್ಲ, ಆದರೆ ನೆರೆಹೊರೆಯವರು ಮಾತು ಮುಂದುವರಿಸಲು ಈ ತೀರ್ಪು ಅಡ್ಡಿಯಲ್ಲ ಎಂದು 2018ರಲ್ಲಿ ತೀರ್ಪಾಯಿತು. ನಮ್ಮ ತಾಲ್ಲೂಕು ಆಫೀಸು ಹೇಳಿದ್ದೂ ಅದೇ ಅಲ್ಲವಾ?

ಮೇಡಂ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ. "ನಾವು ಇವತ್ತು ಕೇಳುತ್ತಿರುವುದು ಸಮುದ್ರವನ್ನಲ್ಲ, ನಮ್ಮ ಮಾತನ್ನು ಒಮ್ಮೆ ಕೇಳಿಸಿಕೊಳ್ಳುವುದನ್ನು." ಇದು ಯಾವ ಪುಸ್ತಕದ್ದು ಎಂದು ಕೇಳಿದರು. ಪುಸ್ತಕವಲ್ಲ, ನಮ್ಮೂರಿನವರು ಎಂದೆ.

ಸೆಪ್ಟೆಂಬರ್ ಹದಿಮೂರಕ್ಕೆ ಸಭೆ. ಇಪ್ಪತ್ತೊಂಬತ್ತು ದೇಶ. ದಾರಿಯ ಮಾತುಕತೆ ಶುರುವಾಗಬೇಕು ಎಂಬ ನಮ್ಮ ನಿರ್ಣಯಕ್ಕೆ ಹದಿನೈದು ಓಟು ಬಿದ್ದರೆ ಗೆದ್ದ ಹಾಗೆ.

ಬೊಲಿವಿಯಾದ ಪ್ರತಿನಿಧಿ,
ಶಿರೀಷಾ ಮುನಿಶಾಮಪ್ಪ


ಮುದ್ದೇನಹಳ್ಳಿ
ಭಾನುವಾರ, 14 ಸೆಪ್ಟೆಂಬರ್

ಅಮ್ಮ,

ಫೋನಿನಲ್ಲಿ ಹೇಳಲಾಗಲಿಲ್ಲ, ಹಿಂದೆ ಹುಡುಗಿಯರು ಸಾಲು ನಿಂತಿದ್ದರು. ಸೋತೆ. ಹನ್ನೆರಡು ಓಟು.

ನನ್ನ ಪೇಪರ್ ಚೆನ್ನಾಗಿಯೇ ನಡೆಯಿತು. ಕ್ರೇಟಿನ ಜಾಗದಲ್ಲಿ ತವರದ ಅದಿರು ಇಟ್ಟು ಹೇಳಿದೆ, ಎಲ್ಲರೂ ಕಿವಿಗೊಟ್ಟು ಕೇಳಿದರು. ಆಮೇಲೆ ಅಚ್ಯುತ್ ಎದ್ದ. ಕೈಯಲ್ಲಿ ನಾನು ಎಸೆದಿದ್ದ ಹಾಳೆ. ಇವತ್ತು ಕಾಲಿಗೆ ಕೇಳುತ್ತಾರೆ, ನಾಳೆ ಸೈಕಲ್ಲಿಗೆ, ನಾಡಿದ್ದು ಟ್ರ್ಯಾಕ್ಟರಿಗೆ ಎಂದು ನಿಧಾನಕ್ಕೆ ಹೇಳಿದ. ಗೌರಿಬಿದನೂರಿನಿಂದ ಬಂದಿದ್ದ ಬ್ರೆಜಿಲ್ ಮೇಜು ಕುಟ್ಟಿತು. ವಿಷ ಚೆಲ್ಲಿದರೆ ಅನುಭವಿಸುವವರು ಯಾರು ಎಂದ. ಪೆರು ತಲೆದೂಗಿತು. ದಯೆ ಪಹಣಿಯಲ್ಲಿ ಇರುವುದಿಲ್ಲ ಎಂದಾಗ ಇಡೀ ಸಭೆ ಚಪ್ಪಾಳೆ. ನಾನು ಅಲ್ಲೇ ಕೂತು, ಇದು ನಮ್ಮಮ್ಮ, ಇದು ನಮ್ಮಮ್ಮ ಎಂದುಕೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ನಿನಗೆ ಎದುರು ಮಾತಾಡಿ ಗೆದ್ದ ಅಭ್ಯಾಸ ನನಗಿಲ್ಲ.

ಪೇಪರ್ ಗಟ್ಟಿಯಾಗಿತ್ತು, ಆದರೆ ಎದುರಿನವನ ಭಯಕ್ಕೆ ಅದರಲ್ಲಿ ಜಾಗ ಇರಲಿಲ್ಲ ಎಂದರು ಮೇಡಂ. ನವೆಂಬರಿನಲ್ಲಿ ಬೆಂಗಳೂರಿನ ಸಭೆಗೆ ಮತ್ತೆ ಬರೆಯಲು ಹೇಳಿದ್ದಾರೆ, ಅದೇ ದೇಶ, ಅದೇ ವಿಷಯ.

ಅದಕ್ಕೆ ಕೇಳುತ್ತಿದ್ದೇನೆ, ತಮಾಷೆ ಬಿಟ್ಟು ಹೇಳು. ಅಚ್ಯುತನಿಗೆ ನಾನು ಏನು ಹೇಳಬೇಕಿತ್ತು? ಏನು ಹೇಳಿದ್ದರೆ ನೀನು ಒಪ್ಪುತ್ತಿದ್ದೆ?

ಶಿರೀಷಾ


ನಲ್ಲಗುಟ್ಟಹಳ್ಳಿ
ಸೋಮವಾರ, 22 ಸೆಪ್ಟೆಂಬರ್

ಶಿರೀಷಾಗೆ,

ನಿನ್ನ ಪ್ರಶ್ನೆ ಇಟ್ಟುಕೊಂಡು ಎರಡು ದಿನ ಸೊಪ್ಪು ಕೊಯ್ದೆ. ಏನು ಹೇಳಿದ್ದರೆ ಒಪ್ಪುತ್ತಿದ್ದೆ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಏನು ಹೇಳಿದ್ದರೂ ಒಪ್ಪುತ್ತಿರಲಿಲ್ಲ ಅಂತ ನನ್ನನ್ನು ನಾನೇ ಬೈದೆ. ಕೊನೆಗೆ, ಪೇಪರು ಅವಳದೂ ಅಲ್ಲವಾ, ಸೋತ ಸುದ್ದಿ ಅವಳಿಗೂ ತಿಳಿಯಲಿ ಅಂತ ನಿನ್ನೆ ಕಾಗದ ತಗೊಂಡು ಏರಿ ಸುತ್ತಿಕೊಂಡು ಓಬಳಮ್ಮನ ಮನೆಗೆ ಹೋದೆ.

ಮೊದಲು ನಿನ್ನ ಪೇಪರ್ ಓದಿದೆ. ತನ್ನ ಮಾತು ಬಂದ ಕಡೆ ಅವಳು ಸೆರಗು ಸರಿ ಮಾಡಿಕೊಂಡಳು. ಆಮೇಲೆ ಆ ಹುಡುಗ ಹೇಳಿದ್ದನ್ನು ಓದಿದೆ. ಅವು ಯಾರ ಮಾತು ಅಂತ ಅವಳಿಗೆ ಗೊತ್ತಾಗದೆ ಇರುತ್ತಾ? ಈಗ ಮೊರ ತಗೊಂಡು ಬಾರಿಸುತ್ತಾಳೆ ಅಂತ ಸ್ವಲ್ಪ ಹಿಂದಕ್ಕೆ ಸರಿದು ಕೂತೆ.

ಅವಳು ಬೈಯಲಿಲ್ಲ. "ಆ ಹುಡ್ಗಂದೂ ತಪ್ಪಿಲ್ಲ ಬಿಡು. ಪಾಪ, ಅವ್ರ ದೇಶದಾಗೂ ಹುಳ ಸತ್ತಿರ್ಬೇಕು" ಅಂದಳು.

ಶಿರೀಷಾ, ನಾನು ಇಷ್ಟು ವರ್ಷ ನನ್ನ ಹುಳದ ವಿಷಯ ಊರಿಗೆಲ್ಲ ಹೇಳಿದ್ದೀನಿ. ನಾನು ಹೇಳದೆ, ಇನ್ನೊಬ್ಬರು ಅದನ್ನು ನನ್ನ ಕಡೆಯಿಂದ ಹೇಳಿದ್ದು ನಿನ್ನೆಯೇ ಮೊದಲು. ಅದೂ ಅವಳು.

ಅಚ್ಯುತನಿಗೆ ನೀನು ಹೇಳಬೇಕಿದ್ದದ್ದು ಅದೇ ಕಣಮ್ಮ. ಅವನು ಎದ್ದು ಹೇಳುವ ಮೊದಲು ಅವನ ಹುಳ ಸತ್ತದ್ದನ್ನು ನೀನೇ ಹೇಳಿಬಿಡಬೇಕಿತ್ತು, ನಿನ್ನ ಪೇಪರಿನ ಮೊದಲನೇ ಸಾಲಿನಲ್ಲಿ. ಆಮೇಲೆ ಅವನ ಹತ್ತಿರ ಇನ್ನೇನು ಉಳಿಯುತ್ತಿತ್ತು?

ಓಬಳಮ್ಮನನ್ನು ಕುಡುಗೋಲು ಕೇಳಿದೆ. ಯಾಕೆ ಅಂದಳು. ಕೊಡು ಅಂದೆ. ಅವಳ ಕಡೆಯಿಂದಲೇ ಜಾಲಿ ಕಡಿದು, ತಂತಿ ಬಿಚ್ಚಿ, ಒಬ್ಬರು ಅಡ್ಡಡ್ಡ ನುಗ್ಗುವಷ್ಟು ಸಂದು ಮಾಡಿದೆವು. ಇಬ್ಬರ ಕೈಯೂ ತರಚಿತು. ಬೇಲಿ ಕಟ್ಟಿದವಳಿಗೆ ಬುದ್ಧಿ ಇಲ್ಲ ಅಂತ ಅವಳು ಬೈದಳು, ಕಟ್ಟಿದವಳ ಕೈಗುಣ ನೋಡು ಅಂತ ನಾನು ಬೈದೆ. ಪಂಪು ಮಾತ್ರ ಏರಿ ಮೇಲೇ ಹೋಗಬೇಕು ಅಂತ ಮೂರು ಸಲ ಹೇಳಿಸಿಕೊಂಡಿದ್ದೀನಿ. ಅದರಲ್ಲಿ ಚಿಲಿ ಬಗ್ಗಲ್ಲ.

ಆ ಸಂದಿನಲ್ಲಿ ಮೊದಲು ದಾಟಿದವಳು ನಾನೇ. ಎರಡು ನಿಮಿಷಕ್ಕೆ ಹಿತ್ತಲಿಗೆ ಬಂದು ನಿಂತೆ. ನಿಮ್ಮಪ್ಪ ಸೊಪ್ಪು ಕತ್ತರಿಸುತ್ತಿದ್ದರು. ತಲೆ ಎತ್ತಿ ನೋಡಿದರು.

"ಯಾವ ಕಡೆಯಿಂದ ಬಂದೆ?"

"ಬೊಲಿವಿಯಾ ಕಡೆಯಿಂದ."

ಅವರು ಒಳಗೆ ಹೋಗಿ ಹಾರೆ ತಂದು, ಒಂದು ಕಲ್ಲುಕಂಬದ ಬುಡ ಮೀಟಿ ಕಿತ್ತುಹಾಕಿದರು. ಹೆಜ್ಜೆ ಇಟ್ಟು ಅಗಲ ಅಳೆದರು. ಸಾಲದು ಅಂತ ಅನಿಸಿರಬೇಕು, ಇನ್ನೊಂದು ಕಂಬಕ್ಕೂ ಹಾರೆ ಹಾಕಿದರು.

"ಆಟೋ ಹಿಡಿಸ್ಬೇಕಲ್ಲ" ಅಂದರು.

ಇಂತಿ,
ನಿನ್ನ ಅಮ್ಮ